ಸೊನ್ನೆ ದೋಷ

ಮೂರು ಕಂಪನಿ, ಒಂದೇ ಮೇಜು.
ಕುಲಿಮ್‌ನವರು ಅಚ್ಚು ಹೊಯ್ಯುತ್ತಾರೆ, ಪ್ರಾಯ್‌ನವರು ಜೋಡಿಸುತ್ತಾರೆ,
ಬಯಾನ್ ಲೆಪಾಸ್‌ನ ನಾವು ಬೆಸುಗೆಯವರು.
ಹುಟ್ಟುವಾಗಲೇ ಕಿವಿ ಮಂದವಾದ ಮಕ್ಕಳಿಗೆ
ಹುಣಸೆ ಬೀಜದಷ್ಟು ಯಂತ್ರ, ಅದರೊಳಗೆ
ಐವತ್ತೆರಡು ಕೆಪಾಸಿಟರು. ಒಂದೊಂದೂ
ಸಾಸಿವೆಯನ್ನು ನಾಲ್ಕು ಸೀಳಿದರೆ ಒಂದು ಸೀಳು.
ಸೀನಿದರೆ ಒಂದು ದಿನದ ಸಂಬಳ ಹಾರಿಹೋಗುತ್ತದೆ ಎಂದು
ಹೊಸ ಹುಡುಗಿಯರನ್ನು ನಾನೇ ಹೆದರಿಸಿದ್ದೇನೆ.
ಸುಳ್ಳು. ಅರ್ಧ ದಿನದ್ದು.

ಯಾರಿಂದ ಕೊಳ್ಳುವುದು?
ಹನ್ನೊಂದು ಮಂದಿ ಬಂದಿದ್ದರು, ಜರಡಿಯಲ್ಲಿ ಮೂವರು ಉಳಿದರು.
ನೂರಕ್ಕೆ ಮೂವತ್ತೈದು ಬೆಲೆಗೆ, ಮೂವತ್ತು ಗುಣಕ್ಕೆ,
ಹೇಳಿದ ದಿನಕ್ಕೆ ಬಂದದ್ದಕ್ಕೆ ಇಪ್ಪತ್ತೈದು,
ಹತ್ತು 'ಸಂಬಂಧ'ಕ್ಕೆ.
ಆ ಪದ ಯಾರು ಹಾಕಿದರೋ. ಅಳೆಯುವುದು ಹೇಗೆಂದು
ಯಾರೂ ಬರೆದಿಲ್ಲ.
ಮೂರು ಮನೆಯ ಅವಸರವನ್ನು ಒಂದು ಪಟ್ಟಿಗೆ ತರುವುದೆಂದರೆ
ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ:
ಸೆಲ್ವನಾಯಗಂ ಕೂತರೆ ರೋಸ್ಮಾವತಿ ಎದ್ದಳು,
ಅವಳು ಕೂತಾಗ ಕುಲಿಮ್‌ನವರಿಗೆ ಫೋನು ಬಂತು.
ಪ್ಲಾಸ್ಟಿಕ್ ಚೀಲಕ್ಕೆ ದಾರ ಕಟ್ಟಿ ತಂದ ಕಪ್ಪು ಕಾಫಿ
ಕಿಟಕಿಯ ಚಿಲಕದಲ್ಲಿ ನೇತಾಡುತ್ತಲೇ ತಣ್ಣಗಾಯಿತು.

ಕಾವ್‌ಶುಂಗ್‌ನವರದು ದೊಡ್ಡ ಮನೆ, ಗಟ್ಟಿ ಸರಕು.
ಒಡೆಯ ಒಪ್ಪಿದರೂ ಗುಮಾಸ್ತ ಇಪ್ಪತ್ತೆರಡು ವಾರ ಕಾಯಿಸುತ್ತಾನೆ;
ದೇವರು ಕೊಟ್ಟರೂ ಪೂಜಾರಿ ಕೊಡ.
ಶೆನ್‌ಜೆನ್‌ನ ದಲ್ಲಾಳಿ ಎಲ್ಲಕ್ಕೂ ಹೂಂ.
ನಾಳೆಗೆ? ಹೂಂ. ಅರ್ಧ ಬೆಲೆಗೆ? ಹೂಂ.
ಮೂರು ವರ್ಷದ ದೋಷದ ಲೆಕ್ಕ?
ಸೊನ್ನೆ. ಗುಂಡಗೆ, ಚೆಂದದ ಸೊನ್ನೆ.

ಅಕಿತಾದ ಶೋಜಿಯವರದು ಎಂಬತ್ತು ಜನರ ಕಾರ್ಖಾನೆ.
ದೋಷ: ಒಂದು.
ಹೋದ ಫೆಬ್ರವರಿಯ ಅವರ ಪತ್ರ ನನ್ನ ಮೇಜಿನ ಖಾನೆಯಲ್ಲಿದೆ.
"ನಮ್ಮ ಎರಡನೇ ಕುಲುಮೆ ಹನ್ನೊಂದು ನಿಮಿಷ ಹೆಚ್ಚು ಕಾದಿತ್ತು.
ನಿಮ್ಮ ಪರೀಕ್ಷೆಗೆ ಇದು ಸಿಕ್ಕುವುದಿಲ್ಲ.
ಆದರೂ ಆ ಸುರುಳಿಯನ್ನು ಬಳಸಬೇಡಿ."

ನಿಜ, ಸಿಕ್ಕಲಿಲ್ಲ. ಎರಡು ರಾತ್ರಿ ಹುಡುಕಿದೆವು.
ಸುಮ್ಮನಿದ್ದಿದ್ದರೆ ಅವರದೂ ಸೊನ್ನೆ.
ಬಾಯಿ ಬಿಟ್ಟಿದ್ದಕ್ಕೆ ಎಂಟು ಅಂಕ ಹೋಯಿತು,
ದಲ್ಲಾಳಿಗಿಂತ ಒಂದೂವರೆ ಹಿಂದೆ, ಮೂರನೆಯವರು.

ಗುಣದ ಸಾಲನ್ನು ಸ್ವಲ್ಪ ಇಳಿಸಿ, ಸಂಬಂಧವನ್ನು ಏರಿಸಿ,
ಇಪ್ಪತ್ತು ಮಾಡಿದರೆ? ಕೈ ಕೀಲಿಮಣೆಯ ಮೇಲೇ ಇತ್ತು.
"ಕಾಕ್ ಹೂನ್," ಎಂದಳು ರೋಸ್ಮಾವತಿ, ತಲೆ ಎತ್ತದೆ,
"ತೂಗಲು ಕೂತ ಮೇಲೆ ಕಲ್ಲು ಬದಲಿಸಬಾರದು."
ಅವಳ ಮಾತು ಸರಿ. ಸರಿಯಾದದ್ದಕ್ಕೇ
ನನಗೆ ಅಷ್ಟು ಸಿಟ್ಟು ಬಂತು.

ದೊಡ್ಡ ಮನೆಗೆ ಎಪ್ಪತ್ತು ಪಾಲು, ದಲ್ಲಾಳಿಗೆ ಮೂವತ್ತು.
ಮೂರು ಸಹಿ, ಮೂರು ಮುದ್ರೆ.
ಸೇತುವೆಯ ಮೇಲೆ ಬೈಕುಗಳು ಮನೆಗೆ ಹೊರಟಿದ್ದವು,
ಸೆಲ್ವನಾಯಗಂ ಕುರ್ಚಿಗಳನ್ನು ಒಳಗೆ ತಳ್ಳಿದ.

ರಾತ್ರಿ ಶೋಜಿಯವರಿಗೆ ಬರೆದೆ:
"ಸ್ವಾಮಿ, ಈ ಸಲ ನೀವಲ್ಲ.
ನೀವು ನಿಜ ಹೇಳಿದ್ದಕ್ಕೆ ನಮ್ಮ ಪಟ್ಟಿ ದಂಡ ಹಾಕಿತು.
ಹೇಳದವರನ್ನು ಹಿಡಿಯುವ ಸಾಲು ಅದರಲ್ಲಿಲ್ಲ.
ಪಟ್ಟಿ ಮಾಡಿದವಳು ನಾನು. ನಿಮ್ಮ ಪರೀಕ್ಷೆಗೆ
ಇದು ಸಿಕ್ಕುವುದಿಲ್ಲ, ಅದಕ್ಕೇ ತಿಳಿಸುತ್ತಿದ್ದೇನೆ."
ಮೂರು ಸಲ ಅಳಿಸಿ, ನಾಲ್ಕನೇ ಸಲ ಕಳಿಸಿದೆ.

ಬೆಳಿಗ್ಗೆ ಎರಡೇ ಸಾಲು ಬಂದಿತ್ತು. ಪತ್ರ ತಲುಪಿತು.
ಮುಂದಿನ ವರ್ಷದ ಕಲ್ಲುಗಳನ್ನು
ತೂಗುವ ಮೊದಲೇ ಒಮ್ಮೆ ತೋರಿಸುವಿರಾ?

ಅದನ್ನು ರೋಸ್ಮಾವತಿಗೆ ಕಳಿಸಿದೆ.
ಮಾತಾಡಲಿಲ್ಲ ಅವಳು. ಹೊಸ ಪಟ್ಟಿ ತೆರೆದು
'ಗುಣ'ದ ಕೆಳಗೊಂದು ಸಾಲು ಸೇರಿಸಿದಳು.
ಹೆಸರಿನ್ನೂ ಹೊಳೆದಿಲ್ಲ. ಎದುರಿಗೆ ಅಂಕ ಮಾತ್ರ:
ಹದಿನೈದು.